ಮನೆ ಆರೈಕೆ ಸಂಸ್ಥೆ: ಪರವಾನಗಿಯ ಜೊತೆಗೆ ಪಾಳಿಯನ್ನೂ ಯೋಚಿಸಿ

ಹಾಸಿಗೆ ಹಿಡಿದ ಹಿರಿಯರಿಗೆ ಅವರ ಮನೆಯಲ್ಲೇ ಆರೈಕೆ ಒದಗಿಸುವ ಸಂಸ್ಥೆಯನ್ನು ಆರಂಭಿಸಬೇಕೆಂದಿದ್ದೀರಿ; ಅದನ್ನು ಕಾನೂನಿಗೆ ಒಳಪಟ್ಟು, ಗುಣಮಟ್ಟ ಕೆಡದಂತೆ ನಡೆಸುವುದು ಹೇಗೆ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ಇಂಥದೇ ಸಣ್ಣ ಸಂಸ್ಥೆಯೊಂದನ್ನು ಒಂಬತ್ತು ವರ್ಷಗಳಿಂದ ನಡೆಸುತ್ತಿರುವವನಾಗಿ ಉತ್ತರಿಸುತ್ತಿದ್ದೇನೆ.

ಹಿರಿಯ ನಾಗರಿಕರ ಕಲ್ಯಾಣಕ್ಕೆ ಸಂಬಂಧಿಸಿದ 2007ರ ಕೇಂದ್ರ ಕಾಯ್ದೆಗೆ ತಿದ್ದುಪಡಿ ತರಲು 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆಯಲ್ಲಿ ಮನೆ ಆರೈಕೆ ಸಂಸ್ಥೆಗಳ ನೋಂದಣಿಯ ಪ್ರಸ್ತಾಪವಿತ್ತು. ಆದರೆ ಅದು ಅಂಗೀಕಾರವಾಗದೆ ಬಿದ್ದುಹೋಯಿತು. ಹಾಗೆಂದು ಹೇಳುವವರು ಕೇಳುವವರು ಯಾರೂ ಇಲ್ಲವೆಂದು ಭಾವಿಸಬೇಡಿ. ಕಚೇರಿ ತೆರೆದ 30 ದಿನಗಳೊಳಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಕೆಲಸಗಾರರ ಸಂಖ್ಯೆ 10 ಮುಟ್ಟಿದರೆ ನೌಕರರ ವಿಮೆಯಾದ ಇಎಸ್‌ಐ, 20 ಮುಟ್ಟಿದರೆ ಭವಿಷ್ಯನಿಧಿ ಅನ್ವಯವಾಗುತ್ತದೆ. ನರ್ಸಿಂಗ್ ಸೇವೆಯನ್ನೂ ಕೊಡುವುದಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕುರಿತಾದ ಕೆಪಿಎಂಇ ಕಾಯ್ದೆಯ ನೋಂದಣಿ ಬೇಕೇ ಎಂಬುದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆದುಕೊಳ್ಳಿ.

ನಮ್ಮ ವೃತ್ತಿಯಲ್ಲಿ ಹೆಚ್ಚಿನವರು ಮರೆಯುವುದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನು. ಅದರ ಪ್ರಕಾರ ವಾಸದ ಮನೆಯೂ ಕೆಲಸದ ಸ್ಥಳವೇ. ಅಲ್ಲಿ ಎದುರಾಗುವ ಹೊರಗಿನವರಿಂದಲೂ ಕೆಲಸಗಾರ್ತಿಯನ್ನು ರಕ್ಷಿಸುವ ಹೊಣೆ ಮಾಲೀಕರದು. ಗ್ರಾಹಕರ ಮನೆಯ ರಾತ್ರಿ ಪಾಳಿಗೆ ಹೆಣ್ಣುಮಗಳೊಬ್ಬಳನ್ನು ಕಳುಹಿಸುವ ಮುನ್ನ ಅವಳು ಎಲ್ಲಿ ಮಲಗುತ್ತಾಳೆ, ಆ ಕೋಣೆಗೆ ಒಳಗಿನಿಂದ ಚಿಲಕವಿದೆಯೇ ಎಂಬುದನ್ನು ನಾನು ಖುದ್ದಾಗಿ ಹೋಗಿ ನೋಡುತ್ತೇನೆ.

ಇನ್ನು ಯಾರು ಏನು ಮಾಡಬಹುದು ಎಂಬ ಗೆರೆ. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ನರ್ಸ್. ಕೆಲವು ತಿಂಗಳ ತರಬೇತಿ ಪಡೆದು ಸ್ನಾನ, ಊಟ, ಶೌಚ ನೋಡಿಕೊಳ್ಳುವವರು ಅಟೆಂಡರ್. ಮನೆಯವರು ಇಬ್ಬರನ್ನೂ ‘ಸಿಸ್ಟರ್’ ಎಂದೇ ಕರೆಯುವುದರಿಂದ, ಎರಡನೆಯ ವಾರಕ್ಕೇ “ಒಂದು ಇಂಜೆಕ್ಷನ್ ತಾನೇ, ನೀವೇ ಹಾಕಿಬಿಡಿ ಸಿಸ್ಟರ್” ಎಂಬ ಮಾತು ಬಂದೇ ಬರುತ್ತದೆ. ಇಂಜೆಕ್ಷನ್, ಮೂತ್ರದ ಕೊಳವೆ (ಕ್ಯಾಥೆಟರ್) ಬದಲಿಸುವುದು, ಮೂಗಿನ ನಳಿಕೆ ಹಾಕುವುದು ಅಟೆಂಡರ್ ಕೆಲಸವಲ್ಲವೆಂದು ಒಪ್ಪಂದಪತ್ರದಲ್ಲೇ ಕನ್ನಡದಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದರೆ, ಅವರು ಮನೆಯವರ ಮುಂದೆ ದಿಟ್ಟವಾಗಿ ‘ಇಲ್ಲ’ ಎನ್ನಬಲ್ಲರು.

ಗುಣಮಟ್ಟದ ವಿಷಯದಲ್ಲಿ ನನಗೆ ಪಾಠ ಕಲಿಸಿದ್ದು ಒಂದು ನೋಟ್‌ಬುಕ್. ನಮ್ಮ ಪ್ರತಿಯೊಬ್ಬ ರೋಗಿಯ ಮಂಚದ ಪಕ್ಕದಲ್ಲೂ ಅಂಥದೊಂದು ಇರುತ್ತದೆ. ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ಕೊಟ್ಟರು, ಯಾವಾಗ ಎಡಮಗ್ಗುಲಿಗೆ, ಯಾವಾಗ ಬಲಮಗ್ಗುಲಿಗೆ ತಿರುಗಿಸಿ ಮಲಗಿಸಿದರು ಎಂಬುದನ್ನು ಅದರಲ್ಲಿ ಆಗಿಂದಾಗಲೇ ಬರೆಯಬೇಕು. ಬೆನ್ನಹುಣ್ಣು ಆಗದಿರಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾಗುತ್ತದೆ. ಒಂದು ಮಧ್ಯಾಹ್ನ ಮೂರೂವರೆಗೆ ಮುನ್ಸೂಚನೆ ಕೊಡದೆ ಒಬ್ಬರ ಮನೆಗೆ ಹೋದಾಗ ಪುಸ್ತಕ ತೆರೆದು ನೋಡಿದರೆ ನಾಲ್ಕರ, ಆರರ, ಎಂಟರ ದಾಖಲೆಗಳು ಆಗಲೇ ಒಂದೇ ಶಾಯಿಯಲ್ಲಿ, ಒಂದೇ ಓರೆಯ ಅಕ್ಷರಗಳಲ್ಲಿ ಸಾಲಾಗಿ ಕುಳಿತಿದ್ದವು. ಅಜ್ಜಿಯ ಟೊಂಕದ ಮೇಲೆ ಒತ್ತಿದರೂ ಮಾಯವಾಗದ ಕೆಂಪು ಮಚ್ಚೆಯಿತ್ತು. ಕೋಪ ಬಂತು, ಅಲ್ಲಿದ್ದ ನಮ್ಮ ಅಟೆಂಡರ್ ಹುಡುಗಿಯನ್ನು ಆ ಕ್ಷಣವೇ ಕೆಲಸದಿಂದ ತೆಗೆಯಬೇಕೆನ್ನಿಸಿತು. ಕಚೇರಿಗೆ ಮರಳಿ ಪಾಳಿಪಟ್ಟಿ ತೆಗೆದು ನೋಡಿದರೆ, ಆ ಹುಡುಗಿ ಹನ್ನೊಂದು ದಿನಗಳಿಂದ ಒಂದೇ ಒಂದು ರಜೆಯಿಲ್ಲದೆ ‘24 ಗಂಟೆ ಡ್ಯೂಟಿ’ಯಲ್ಲಿದ್ದಳು, ಮತ್ತು ಆ ಪಟ್ಟಿಗೆ ಸಹಿ ಹಾಕಿದ್ದವನು ನಾನೇ. ವಾರದ ರಜೆ ಎಂಬ ಕಾನೂನಿನ ಮಾತನ್ನು ನಾನು ಇನ್ಸ್‌ಪೆಕ್ಟರರಿಗೆ ತೋರಿಸುವ ಕಾಗದವೆಂದುಕೊಂಡಿದ್ದೆ; ಅಜ್ಜಿಯ ಬೆನ್ನಿಗೂ ಅದಕ್ಕೂ ನಂಟಿದೆಯೆಂದು ಹೊಳೆದಿರಲಿಲ್ಲ.

ಅಂದಿನಿಂದ ‘24 ಗಂಟೆ ಡ್ಯೂಟಿ’ಗೆ ಒಬ್ಬರನ್ನೇ ಕಳುಹಿಸುವುದನ್ನು ನಿಲ್ಲಿಸಿದೆವು, ಹಗಲಿಗೊಬ್ಬರು, ರಾತ್ರಿಗೊಬ್ಬರು, ವಾರದ ರಜೆಗೆ ಬದಲಿ ಇನ್ನೊಬ್ಬರು. ಶುಲ್ಕ ಏರಿಸಬೇಕಾಯಿತು, ಇಬ್ಬರು ಗ್ರಾಹಕರು ಬಿಟ್ಟುಹೋದರು. ನಿಮ್ಮ ದರಪಟ್ಟಿಯನ್ನು ಮೊದಲ ದಿನವೇ ಈ ಮೂವರ ಸಂಬಳ, ಇಎಸ್‌ಐ, ಭವಿಷ್ಯನಿಧಿ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ. ಕಡಿಮೆ ದರದಿಂದ ಆರಂಭಿಸಿ ಆಮೇಲೆ ಏರಿಸುವುದು ಬಹಳ ಕಷ್ಟ.

ಚಿಕ್ಕ ವಿಷಯಗಳೂ ಇವೆ. ಪೊಲೀಸ್ ಪರಿಶೀಲನೆಯಿಲ್ಲದೆ ಯಾರನ್ನೂ ಒಂದು ದಿನಕ್ಕೂ ಕಳುಹಿಸಬೇಡಿ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಮುಚ್ಚಳದ, ಚುಚ್ಚಿದರೂ ತೂತಾಗದ ಡಬ್ಬಿಯಲ್ಲೇ ಹಾಕಿಸಿ. ಮನೆಯ ಕಸದಲ್ಲಿ ಸೇರಿದರೆ ಅವು ಚುಚ್ಚುವುದು ಪೌರಕಾರ್ಮಿಕರ ಕೈಗೆ. ನೋಟ್‌ಬುಕ್‌ನ ರಟ್ಟಿನ ಒಳಬದಿಯಲ್ಲಿ ವೈದ್ಯರ ಸಂಖ್ಯೆ, ಆಂಬ್ಯುಲೆನ್ಸ್‌ನ 108, ಅವುಗಳ ಕೆಳಗೆ ಹಿರಿಯರ ಸಹಾಯವಾಣಿ 14567 ಇವನ್ನು ದಪ್ಪಕ್ಷರದಲ್ಲಿ ಬರೆಸಿಡಿ. ಕೊನೆಯದು ನಮ್ಮ ಮೇಲೆಯೇ ದೂರು ಹೇಳಬೇಕೆನಿಸಿದ ಹಿರಿಯರಿಗಾಗಿ.