ಸಂಬಳ ಅಲ್ಲಿ, ಸಂತೋಷ ಇಲ್ಲಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ, ಕೆಲಸ ಇದೆ ಖುಷಿ ಇಲ್ಲ. ಹಾಗಾಗಿ ಮದುವೆ, ಆಸ್ತಿ, ಅಣ್ಣತಮ್ಮಂದಿರ ಜಗಳ ಎಲ್ಲಾ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದನ್ನೇ ಮಾತಾಡೋಣ. ಹೆಸರು ಹಾಕಬೇಡಿ ಅಂತ ಎಲ್ರೂ ಬರ್ದಿದ್ದೀರ, ಹಾಕಿಲ್ಲ.

ಪ್ರಶ್ನೆ: ಮೇಡಂ, ಒಂಬತ್ತು ವರ್ಷದಿಂದ ಒಂದೇ ಸೆಕ್ಷನ್‌ನಲ್ಲಿ ಇದ್ದೀನಿ. ಒಬ್ರು ಹಾಕಿದ ಲೆಕ್ಕ ಇನ್ನೊಬ್ರ ಲೆಕ್ಕಕ್ಕೆ ತಾಳೆ ಆಗತ್ತಾ ಅಂತ ನೋಡೋದು, ಅಷ್ಟೇ ಕೆಲಸ. ಬೈಯೋರಿಲ್ಲ, ಸಂಬಳ ತಡ ಆಗಲ್ಲ, ದೂರೋಣ ಅಂದ್ರೆ ಏನೂ ಸಿಗಲ್ಲ, ಅದೇ ಕಷ್ಟ. ಭಾನುವಾರ ಮಧ್ಯಾಹ್ನ ಆಯ್ತು ಅಂದ್ರೆ ಹೊಟ್ಟೇಲಿ ಏನೋ ಒಂಥರಾ ಶುರುವಾಗತ್ತೆ. ಕಾಲೇಜಲ್ಲಿ ನಾಟಕ ಮಾಡ್ತಿದ್ದೆ, ಈಗ ಆ ಗೆಳೆಯರು ಬರ್ತ್‌ಡೇ ದಿನ ವಾಟ್ಸಾಪ್‌ನಲ್ಲಿ ಒಂದು ಕೇಕ್ ಚಿತ್ರ ಹಾಕಿ ಮಾಯ. ಅಪ್ಪನ ಹತ್ರ ಹೇಳ್ಕೊಂಡ್ರೆ ‘ಕಾಯಕವೇ ಕೈಲಾಸ ಕಣೋ, ಮನಸ್ಸಿಟ್ಟು ಮಾಡು, ಖುಷಿ ತಾನಾಗೇ ಬರತ್ತೆ’ ಅಂತಾರೆ. ಒಂಬತ್ತು ವರ್ಷ ಆಯ್ತು, ಬಂದಿಲ್ಲ. ಕೆಲಸದಲ್ಲಿ ಸಿಗದ ಖುಷಿನ ಹೊರಗೆ ಹುಡುಕಿದ್ರೆ ಅದು ಕೆಲಸಕ್ಕೆ ಮಾಡೋ ಮೋಸನಾ?

ಉತ್ತರ: ಮೋಸ ಅಲ್ಲ ಮಾರಾಯ್ರೇ. ಒಪ್ಕೊಂಡ ಕೆಲಸ ನೆಟ್ಟಗೆ ಮಾಡ್ತಿದ್ದೀರ, ಅಲ್ಲಿಗೆ ಬಾಕಿ ಚುಕ್ತಾ. ಪ್ರೀತಿಸ್ತೀನಿ ಅಂತ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಸೈನ್ ಏನೂ ಹಾಕಿಲ್ವಲ್ಲ.

ಅಪ್ಪನ ಮಾತಿಗೆ ಬರೋಣ, ಯಾಕಂದ್ರೆ ಆ ಮಾತು ನಮ್ಮಲ್ಲಿ ಬೇಜಾರಾದವರ ತಲೆ ಮೇಲೆಲ್ಲಾ ಬೀಳತ್ತೆ. ಅದು ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದ್ದು. ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರೋದು ಅವನ ಕಾಯಕ. ಆದ್ರೆ ಒಂದು ದಿನ ಅವನು ಬೇಕಾದ್ದಕ್ಕಿಂತ ಜಾಸ್ತಿ ಆಯ್ಕೊಂಡು ಬಂದಾಗ ಹೆಂಡ್ತಿ ಲಕ್ಕಮ್ಮ ಏನಂದ್ಲು ಅನ್ನೋದನ್ನ ಅಪ್ಪಂದಿರು ಹೇಳಲ್ಲ. ಇಷ್ಟೊಂದು ಆಸೆ ನಮಗ್ಯಾಕೆ, ಹೋಗಿ ಅಲ್ಲೇ ಹಾಕ್ಬಿಟ್ಟು ಬಾ ಅಂದ್ಲು. ಅಂದ್ರೆ ಕಾಯಕಕ್ಕೂ ಒಂದು ಅಳತೆ ಇತ್ತು, ಆ ದಿನಕ್ಕೆ ಸಾಕಾದ್ರೆ ಸಾಕು. ಇನ್ನೊಂದು ವಿಷ್ಯ, ಈ ಅಕ್ಕಿ ಆಯೋನು, ದೋಣಿ ನಡೆಸೋ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯೋ ಮಡಿವಾಳ ಮಾಚಯ್ಯ, ಇವರೆಲ್ಲ ಹೊಟ್ಟೆಪಾಡಿನ ಕೆಲಸ ಮಾಡ್ಕೊಂಡೇ ಒಂದು ಕಡೆ ಕೂತು ಮಾತಾಡಿದ್ರು, ಜಗಳ ಆಡಿದ್ರು, ಕಟ್ಟಿ ಹೇಳಿದ್ರು, ಅದಕ್ಕೇ ನಮಗೆ ವಚನ ಅಂತ ಒಂದು ಸಾಹಿತ್ಯ ಸಿಕ್ಕಿದ್ದು. ಕಾಯಕ ಒಂದೇ ಸಾಕು ಅಂತ ಅವರೂ ಅಂದ್ಕೊಂಡಿರ್ಲಿಲ್ಲ ಅಂತ ಅಪ್ಪಂಗೆ ಹೇಳಿ, ನಿಧಾನವಾಗಿ, ಊಟ ಆದ್ಮೇಲೆ.

ಇನ್ನು ನೀವು ಒಬ್ರೇ ಹೀಗೆ ಅಂದ್ಕೋಬೇಡಿ. 1997ರಲ್ಲಿ ಅಮೆರಿಕದ ಸಂಶೋಧಕರು 196 ನೌಕರರನ್ನ ಕೇಳಿದ್ರು, ನಿಮ್ಮ ಕೆಲಸ ನಿಮಗೇನು ಅಂತ. ಹೆಚ್ಚುಕಮ್ಮಿ ಮೂರರಲ್ಲೊಂದು ಭಾಗ ಜನ ಸಂಬಳಕ್ಕೆ ಅಂದ್ರು, ಇನ್ನೊಂದು ಭಾಗ ಮೇಲೇರೋಕೆ ಅಂದ್ರು, ಉಳಿದ ಭಾಗಕ್ಕೆ ಮಾತ್ರ ಕೆಲಸಾನೇ ಜೀವ. ಒಂದೇ ಥರದ ಆಫೀಸ್ ಅಸಿಸ್ಟೆಂಟ್ ಕೆಲಸದಲ್ಲಿದ್ದ 24 ಜನರಲ್ಲೂ ಇದೇ ಮೂರು ಪಾಲು. ಪಕ್ಕದ ಸೀಟಿನವರು ಹಾಡ್ಕೊಂಡು ಅದೇ ಲೆಕ್ಕ ತಾಳೆ ನೋಡ್ತಿರಬಹುದು, ಅದಕ್ಕೆ ನಿಮ್ಮಲ್ಲಿ ಏನೋ ಕೆಟ್ಟಿದೆ ಅಂತ ಅರ್ಥ ಅಲ್ಲ.

ನಿಮಗೆ ಒಂದು ಕಥೆ ಹೇಳ್ಬೇಕು, ನನಗೆ ತುಂಬಾ ಇಷ್ಟವಾದದ್ದು. 1902ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಐನ್‌ಸ್ಟೈನ್ ಪೇಟೆಂಟ್ ಆಫೀಸಿಗೆ ಸೇರಿದ್ರು, ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ, ಬೇರೆಯವರ ಅರ್ಜಿ ಪರಿಶೀಲನೆ. (ಅವರಿಗೆ ಆ ಕೆಲಸ ನಿಮ್ಮಷ್ಟು ಬೇಜಾರು ಏನೂ ಇರ್ಲಿಲ್ಲ, ಆಮೇಲೆ ಅದನ್ನ ಪ್ರೀತಿಯಿಂದಾನೇ ನೆನೆಸ್ಕೊಂಡ್ರು, ಕಥೆ ಚೆನ್ನಾಗಿರ್ಲಿ ಅಂತ ಅದನ್ನ ಮುಚ್ಚಿಡೋದು ಬೇಡ.) ಅದೇ ವರ್ಷ ಭೌತಶಾಸ್ತ್ರ ಪಾಠ ಹೇಳ್ಕೊಡ್ತೀನಿ ಅಂತ ಅವರು ಕೊಟ್ಟ ಜಾಹೀರಾತು ನೋಡಿ ಸೊಲೊವಿನ್ ಅನ್ನೋ ಹುಡುಗ ಬಂದ, ಪಾಠ ಎಲ್ಲೋ ಹೋಯ್ತು, ಹರಟೆ ಶುರುವಾಯ್ತು. ಹಾಬಿಖ್ಟ್ ಅಂತ ಇನ್ನೊಬ್ಬ ಸೇರ್ಕೊಂಡ. ಮೂವರೂ ಸಂಜೆ ಒಬ್ಬರ ರೂಮಲ್ಲಿ ಸೇರೋದು, ತತ್ತ್ವಶಾಸ್ತ್ರ, ಹಳೇ ನಾಟಕ, ಏನು ಸಿಗತ್ತೋ ಅದನ್ನ ಓದೋದು, ಒಂದು ಪುಟಕ್ಕೆ ಒಂದು ರಾತ್ರಿ ಜಗಳ. ದೊಡ್ಡ ದೊಡ್ಡ ಸಂಸ್ಥೆಗಳನ್ನ ಗೇಲಿ ಮಾಡೋಕೆ ತಮ್ಮ ಗುಂಪಿಗೆ ‘ಒಲಿಂಪಿಯಾ ಅಕಾಡೆಮಿ’ ಅಂತ ಹೆಸರಿಟ್ಕೊಂಡ್ರು. ಒಂದ್ಸಲ ಸೊಲೊವಿನ್ ರೂಮಲ್ಲಿ ಸೇರ್ಬೇಕಿತ್ತು, ಅವನಿಗೆ ಸಂಗೀತ ಕಛೇರಿ ಆಸೆ, ಬೇಯಿಸಿದ ಮೊಟ್ಟೆ ಜೊತೆ ಒಂದು ಚೀಟಿ ಇಟ್ಟು ತಪ್ಪಿಸ್ಕೊಂಡ. ಇವರಿಬ್ಬರೂ ಮೊಟ್ಟೆ ತಿಂದ್ರು, ಅವನಿಗೆ ಹೊಗೆ ಆಗಲ್ಲ ಅಂತ ಗೊತ್ತಿದ್ದೇ ಒಬ್ಬರು ಪೈಪು ಇನ್ನೊಬ್ಬರು ಚುಟ್ಟಾ ಹಚ್ಚಿ ರೂಮೆಲ್ಲಾ ಹೊಗೆ ತುಂಬಿಸಿ, ಮೇಜು ಕುರ್ಚಿ ತಟ್ಟೆ ಎಲ್ಲಾ ಅವನ ಹಾಸಿಗೆ ಮೇಲೆ ಪೇರಿಸಿಟ್ಟು ಹೋದ್ರು! ಗುಂಪು ನಡೆದಿದ್ದು ಮೂರು ವರ್ಷ ಅಷ್ಟೇ. ಆದ್ರೆ 1953ರಲ್ಲಿ ಮುದುಕರಾದ ಇಬ್ಬರು ಗೆಳೆಯರು ಪ್ಯಾರಿಸ್‌ನಿಂದ ಕಾಗದ ಬರೆದ್ರೆ, ಐನ್‌ಸ್ಟೈನ್ ಉತ್ತರ ಬರೆದಿದ್ದು ಅವರಿಬ್ಬರಿಗಲ್ಲ, ನೇರವಾಗಿ ಆ ‘ಅಕಾಡೆಮಿ’ಗೇ.

ನಾನು ಇದನ್ನ ಯಾಕೆ ಹೇಳಿದೆ ಅಂದ್ರೆ ನೀವು ಐನ್‌ಸ್ಟೈನ್ ಆಗಿ ಅಂತಲ್ಲ. ಮೂರು ಜನ, ಒಂದು ರೂಮು, ಬರ್ಲಿಲ್ಲ ಅಂದ್ರೆ ಹಾಸಿಗೆ ಮೇಲೆ ಕುರ್ಚಿ ಪೇರಿಸೋವಷ್ಟು ಸಲಿಗೆ. ನಿಮಗೆ ಬೇಕಿರೋದು ಆ ಸಲಿಗೆ. ನಾಟಕದ ಹಳೇ ಗೆಳೆಯರಲ್ಲಿ ಇಬ್ಬರಿಗೆ ಫೋನ್ ಮಾಡಿ, ಮೆಸೇಜ್ ಅಲ್ಲ ಫೋನ್. ‘ಯಾವಾಗಾದ್ರೂ ಸಿಗೋಣ’ ಅನ್ಬೇಡಿ, ಆ ಯಾವಾಗಾದ್ರೂ ಅನ್ನೋ ವಾರ ಕ್ಯಾಲೆಂಡರ್‌ನಲ್ಲೇ ಇಲ್ಲ. ಗುರುವಾರ ಏಳು ಗಂಟೆಗೆ ಒಂದು ನಾಟಕ ಗಟ್ಟಿಯಾಗಿ ಓದೋಣ, ಬಾರೋ, ಅನ್ನಿ. ಸ್ಟೇಜು ಬೇಡ, ಲೈಟು ಬೇಡ.

ಪ್ರಶ್ನೆ: ಅಕ್ಕಾ, ಇದೆಲ್ಲಾ ಕೇಳೋಕೆ ಚಂದ. ಮನೆಗೆ ಬರೋ ಹೊತ್ತಿಗೆ ಹೆಣ ಆಗಿರ್ತೀನಿ, ಸೋಫಾ ಮೇಲೆ ಬಿದ್ದು ರೀಲ್ಸ್ ನೋಡ್ತಾ ನೋಡ್ತಾ ಹನ್ನೊಂದೂವರೆ. ಎದ್ದು ಎಲ್ಲಿಗೆ ಹೋಗ್ಲಿ?

ಉತ್ತರ: ನನ್ನ ಕಥೆನೇ ಹೇಳ್ತೀನಿ ತಂಗಿ. ಹೆಸರು ಬೇಡ, ಒಂದು ಆಫೀಸಲ್ಲಿ ಏಳು ವರ್ಷ ಇನ್‌ವಾಯ್ಸ್ ಎಂಟ್ರಿ ಮಾಡ್ದೋಳು ನಾನು. ಗೆಳತಿ ಬಲವಂತಕ್ಕೆ ವಾರಕ್ಕೊಂದು ಸಂಜೆ ಓದೋ ಗುಂಪಿಗೆ ಹೋದೆ, ಮೊದಲ ಮೂರು ವಾರ ಬಾಗಿಲ ಹತ್ರಾನೇ ಕೂತು ಯಾವಾಗ ಮುಗಿಯತ್ತೋ ಅಂತ ಗಡಿಯಾರ ನೋಡ್ತಿದ್ದೆ. ನಾಲ್ಕನೇ ವಾರ ಯಾರೋ ಒಂದು ಪದ್ಯನ ತಪ್ಪು ತಪ್ಪಾಗಿ ಓದಿದ್ರು, ನನಗೆ ತಡ್ಕೊಳೋಕಾಗ್ದೆ ಬಾಯಿ ಹಾಕಿದೆ, ಮನೆಗೆ ಬರೋವಾಗ ನೋಡಿದ್ರೆ ಸುಸ್ತೇ ಇರ್ಲಿಲ್ಲ. ದೇಹದ ದಣಿವು ನಿದ್ದೆಯಿಂದ ಹೋಗತ್ತೆ, ಬೇಜಾರಿನ ದಣಿವು ಮಲಗಿದಷ್ಟೂ ಜಾಸ್ತಿ ಆಗತ್ತೆ, ನಮಗೆ ಎರಡೂ ಒಂದೇ ಥರ ಕಾಣತ್ತೆ ಅಷ್ಟೇ.

ಇದರ ಬಗ್ಗೆ ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನ್ನೆಂಟಾಗ್ ತುಂಬಾ ಕೆಲಸ ಮಾಡಿದ್ದಾರೆ. 2007ರಲ್ಲಿ ಅವರೂ ಶಾರ್ಲಟ್ ಫ್ರಿಟ್ಜ್ ಅನ್ನೋರೂ ಸೇರಿ, ಆಫೀಸ್ ಮುಗಿದ ಮೇಲೆ ಮನುಷ್ಯ ಚೇತರಿಸ್ಕೊಳೋದನ್ನ ನಾಲ್ಕು ಭಾಗ ಮಾಡಿ ಅಳೆಯೋ ಪ್ರಶ್ನಾವಳಿ ತಂದ್ರು. ತಲೆಯಿಂದ ಆಫೀಸ್ ಆಚೆ ಹೋಗೋದು, ಆರಾಮ ಮಾಡೋದು, ಹೊಸದೇನಾದ್ರೂ ಕಲಿತು ಕೈ ಪಳಗಿಸೋದು, ನಮ್ಮ ಹೊತ್ತು ನಮ್ಮ ಕೈಯಲ್ಲಿರೋದು. ಸೋಫಾದಲ್ಲಿ ನಿಮಗೆ ಸಿಗ್ತಿರೋದು ಎರಡನೇದು ಮಾತ್ರ, ಅದೂ ಅರ್ಧಂಬರ್ಧ, ಮಧ್ಯ ಆಫೀಸ್ ಗ್ರೂಪಿನ ಮೆಸೇಜ್ ಬಂದ್ರೆ ಅದೂ ಇಲ್ಲ. ವಾರಕ್ಕೆ ಒಂದು ಸಂಜೆ ಸಾಕು, ಉಳಿದ ದಿನ ರೀಲ್ಸ್ ನೋಡ್ಕೊಳಿ, ನಾನೂ ನೋಡ್ತೀನಿ. ಒಂದೇ ಉಪಾಯ, ಆ ದಿನ ಮನೆಗೆ ಬಂದು ಹೋಗ್ತೀನಿ ಅಂದ್ಕೋಬೇಡಿ, ಆಫೀಸಿಂದ ನೇರ ಹೋಗಿ. ಸೋಫಾ ಒಂದ್ಸಲ ಹಿಡ್ಕೊಂಡ್ರೆ ಬಿಡಲ್ಲ.

ಪ್ರಶ್ನೆ: ವಯಸ್ಸು 38. ಗೆಳೆಯರು ಅಂತ ಯಾರೂ ಇಲ್ಲ, ಪರಿಚಯದವರು ಬೇಕಾದಷ್ಟು. ಈ ವಯಸ್ಸಲ್ಲಿ ಹೊಸ ಸ್ನೇಹ ಆಗತ್ತಾ?

ಉತ್ತರ: ಆಗತ್ತೆ, ಗಂಟೆ ಲೆಕ್ಕದಲ್ಲಿ ಆಗತ್ತೆ. ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋರು 2018ರಲ್ಲಿ ಇದನ್ನೇ ಅಳೆದು ನೋಡಿದ್ರು. ಮುಖಪರಿಚಯ ಸಾಧಾರಣ ಸ್ನೇಹ ಆಗೋಕೆ ಸುಮಾರು 50 ಗಂಟೆ ಜೊತೆಗಿರ್ಬೇಕು, ಗೆಳೆಯ ಅನ್ನೋಕೆ 90, ಆಪ್ತ ಅನ್ನೋಕೆ 200ಕ್ಕೂ ಮೇಲೆ. ಆಫೀಸಲ್ಲಿ ಪಕ್ಕಪಕ್ಕ ಕೂತ ಗಂಟೆಗಳಿಗೆ ಅಷ್ಟು ಬೆಲೆ ಇಲ್ಲ ಅಂತಲೂ ಕಂಡ್ರು, ಅದಕ್ಕೇ ಹತ್ತು ವರ್ಷದ ಕಲೀಗ್ ಟ್ರಾನ್ಸ್‌ಫರ್ ಆದ ವಾರಕ್ಕೇ ನೆನಪಿಂದ ಹೋಗೋದು. ಈಗ ಲೆಕ್ಕ ಹಾಕಿ, ವಾರಕ್ಕೆ ಎರಡು ಗಂಟೆ ಅಂದ್ರೆ 50 ಗಂಟೆಗೆ ಆರು ತಿಂಗಳು, 200ಕ್ಕೆ ಎರಡು ವರ್ಷ. ಎರಡು ಸಲ ಹೋಗಿ ‘ಅಲ್ಲಿ ಯಾರೂ ಮಾತಾಡ್ಸಲ್ಲ’ ಅಂತ ಬಿಟ್ಟುಬಿಡ್ತೀವಲ್ಲ, ನಾಲ್ಕು ಗಂಟೆಗೆ ಯಾರು ತಾನೆ ಮಾತಾಡ್ಸ್ತಾರೆ!

ಬೇಗ ಆಗ್ಬೇಕು ಅಂದ್ರೆ ಹಾಡೋ ಗುಂಪಿಗೆ ಸೇರಿ. ಆಕ್ಸ್‌ಫರ್ಡಿನ ಸಂಶೋಧಕರು ವಯಸ್ಕರ ತರಗತಿಗಳನ್ನ ಏಳು ತಿಂಗಳು ಗಮನಿಸಿ 2015ರಲ್ಲಿ ಬರೆದ್ರು. ಹಾಡು ಕಲಿಯೋಕೆ ಬಂದವರು ಕರಕುಶಲ ಕಲಿಯೋರಿಗಿಂತ, ಕಥೆ ಬರೆಯೋರಿಗಿಂತ ಬೇಗ ಹತ್ರ ಆದ್ರು, ಆದ್ರೆ ಏಳು ತಿಂಗಳ ಕೊನೆಗೆ ನೋಡಿದ್ರೆ ಮೂರೂ ಗುಂಪು ಒಂದೇ ಅಷ್ಟು ಹತ್ರ. ಹಾಡು ಸಂಕೋಚ ಬಿಡಿಸತ್ತೆ, ಉಳಿದಿದ್ದು ಮತ್ತೆ ಮತ್ತೆ ಹೋಗೋದರ ಮೇಲೆ. ಕಂಠ ಸರಿ ಇಲ್ಲ ಅನ್ಬೇಡಿ, ಇಪ್ಪತ್ತು ಜನದ ಮಧ್ಯೆ ನಿಮ್ಮ ಅಪಸ್ವರ ಹುಡುಕೋಕೆ ಯಾರಿಗೂ ಪುರುಸೊತ್ತಿರಲ್ಲ.

ಪ್ರಶ್ನೆ: ಪ್ರತಿ ಶನಿವಾರ ನಾಲ್ಕು ಜನ ಗೆಳೆಯರು ಸೇರ್ತೀವಿ, ಮೂರು ಗಂಟೆ ಮಾತು, ಮೂರು ಗಂಟೆನೂ ಆಫೀಸ್. ಮನೆಗೆ ಬರೋವಾಗ ಹೋಗಿದ್ದಕ್ಕಿಂತ ಬೇಜಾರು.

ಉತ್ತರ: ಅದು ಓವರ್‌ಟೈಮ್, ಸಂಬಳ ಇಲ್ದೆ. ಬಾಸ್ ಬೈಗುಳಕ್ಕೆ ಹದಿನೈದು ನಿಮಿಷ ಕೊಡಿ, ಮೊಬೈಲಲ್ಲಿ ಅಲಾರಂ ಇಟ್ಟು. ಅದು ಹೊಡ್ಕೊಂಡ ಮೇಲೆ ಆಫೀಸ್ ಅಂದವರು ಮುಂದಿನ ವಾರದ ಸಿನಿಮಾ ಟಿಕೆಟ್ ತರ್ಬೇಕು.

ಪ್ರಶ್ನೆ: ತಬಲಾ ಕಲೀತಿದ್ದೀನಿ ಮೇಡಂ, ಎಂಟು ತಿಂಗಳಾಯ್ತು, ಖುಷಿಯಾಗಿದ್ದೀನಿ. ಈಗ ಮನೆಯವರು ‘ಚಾನೆಲ್ ಮಾಡು, ದುಡ್ಡು ಬರತ್ತೆ, ಆಮೇಲೆ ಕೆಲಸಾನೇ ಬಿಡಬಹುದು’ ಅಂತಿದ್ದಾರೆ.

ಉತ್ತರ: ಎಂಟು ತಿಂಗಳಿಗೆ ಏನು ನುಡಿಸ್ತೀರ ಅಂತ ನನಗೆ ಗೊತ್ತು, ಬೇಜಾರ್ ಮಾಡ್ಕೋಬೇಡಿ. ನಿಮಗೆ ಟಾರ್ಗೆಟ್ ಇಲ್ಲದ ಒಂದೇ ಜಾಗ ಅದು, ಅಲ್ಲಿಗೂ ವ್ಯೂಸ್ ಎಣಿಸೋ ಮೇಷ್ಟ್ರನ್ನ ಕರ್ಕೊಂಡು ಬರ್ತೀರಾ? ಕೆಲವರಿಗೆ ಅದು ದಕ್ಕತ್ತೆ, ಇಲ್ಲ ಅನ್ನಲ್ಲ. ನೀವು ಕೇಳಿದ ರೀತಿ ನೋಡಿದ್ರೆ ನಿಮಗೆ ಮನಸ್ಸಿಲ್ಲ. ‘ಇನ್ನೂ ಕೈ ಕೂತಿಲ್ಲ’ ಅನ್ನಿ, ಈ ಉತ್ತರ ಹತ್ತು ವರ್ಷ ನಡೆಯತ್ತೆ.

ಪ್ರಶ್ನೆ: ನನ್ನ ಮೇಲಧಿಕಾರಿ ಎಲ್ಲರೆದುರು ಕಿರುಚ್ತಾರೆ, ಎರಡು ತಿಂಗಳ ಸಂಬಳ ಬಾಕಿ, ನಿದ್ದೆ ಬರ್ತಿಲ್ಲ. ಸಂಗೀತ, ಸ್ನೇಹ ಅಂತ ಹೊರಗೆ ಖುಷಿ ಹುಡುಕಿದ್ರೆ ಸರಿ ಹೋಗ್ತೀನಾ?

ಉತ್ತರ: ಇಲ್ಲ. ಮೇಲಿನ ಪತ್ರಗಳಿಗೆ ಹೇಳಿದ್ದು ಯಾವುದೂ ನಿಮಗಲ್ಲ. ಅವರದ್ದು ಸಪ್ಪೆ ಕೆಲಸ, ನಿಮ್ಮದು ಪೆಟ್ಟು ಕೊಡೋ ಕೆಲಸ, ಅದಕ್ಕೆ ಮದ್ದು ಅಲ್ಲಿಂದ ಹೊರಗೆ ಬರೋದು. ಬಾಕಿ ಸಂಬಳ ಕೇಳಿದ್ದು ಬರಹದಲ್ಲಿರ್ಲಿ, ಬೇರೆ ಕೆಲಸ ಹುಡುಕೋಕೆ ಇವತ್ತೇ ಶುರು ಮಾಡಿ, ನಿದ್ದೆಗೆ ಡಾಕ್ಟರ್ ನೋಡಿ.

ಸ್ನೇಹದ ಉಪಯೋಗ ನಿಮಗೆ ಬೇರೆ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿ ತೋರಿಸಿದ್ದು ಏನಂದ್ರೆ, ಪರಿಚಯದ ಮೂಲಕ ಕೆಲಸ ಸಿಕ್ಕಿದವರಲ್ಲಿ ಹೆಚ್ಚಿನವರಿಗೆ ಸುಳಿವು ಕೊಟ್ಟಿದ್ದು ದಿನಾ ಸಿಗೋ ಜೀವದ ಗೆಳೆಯರಲ್ಲ, ಅಪರೂಪಕ್ಕೊಮ್ಮೆ ಸಿಗೋ ಪರಿಚಯದವರು. ನಮ್ಮ ಹತ್ತಿರದವರಿಗೆ ಗೊತ್ತಿರೋದು ನಮಗೂ ಗೊತ್ತಿರತ್ತೆ, ದೂರದವರ ಲೋಕ ಬೇರೆ. ಮೇಲೆ ಹೇಳಿದ ಐನ್‌ಸ್ಟೈನ್‌ಗೂ ಪೇಟೆಂಟ್ ಆಫೀಸಿನ ಬಾಗಿಲು ತೆರೆದಿದ್ದು ಕಾಲೇಜಿನ ಗೆಳೆಯ ಗ್ರಾಸ್‌ಮನ್‌ನ ಅಪ್ಪನ ಶಿಫಾರಸು. ಹಾಗಾಗಿ ಹೋಗಿ, ಹಾಡೋ ಗುಂಪೋ ಓದೋ ಗುಂಪೋ, ಹೋಗಿ ಕೆಲಸ ಹುಡುಕ್ತಿದ್ದೀನಿ ಅಂತ ಬಾಯಿಬಿಟ್ಟು ಹೇಳಿ. ನಾಚ್ಕೋಬೇಡಿ.

ಪ್ರಶ್ನೆ: ನನಗೆ ಹಾಡೋಕೆ ಬರಲ್ಲ, ಓದೋ ಅಭ್ಯಾಸ ಇಲ್ಲ, ಚಿತ್ರ ಅಂದ್ರೆ ಗೊತ್ತಾಗಲ್ಲ. ಕಲೆ ಸಂಸ್ಕೃತಿ ಅಂದ ಕೂಡ್ಲೇ ಅಲ್ಲಿರೋರೆಲ್ಲ ನನ್ನನ್ನ ನೋಡಿ ನಗ್ತಾರೆ ಅನ್ಸತ್ತೆ. ನನ್ನಂಥೋರು ಎಲ್ಲಿಗೆ ಹೋಗೋದು?

ಉತ್ತರ: ಕುರ್ಚಿ ಎತ್ತೋಕೆ ಬರತ್ತಾ? ಕಾರ್ಯಕ್ರಮ ಮಾಡೋ ಯಾವ ಗುಂಪಲ್ಲೂ ಹಾಡೋರು ಎಂಟು ಜನ ಇರ್ತಾರೆ, ಕುರ್ಚಿ ಹಾಕೋರು ಒಬ್ಬರೂ ಇರಲ್ಲ. ಅರ್ಧ ಗಂಟೆ ಮುಂಚೆ ಹೋಗಿ ‘ಏನಾದ್ರೂ ಮಾಡ್ಲಾ’ ಅಂತ ಕೇಳಿ, ಮೂರನೇ ಸಲಕ್ಕೆ ಮೈಕ್ ವೈರ್ ಎಲ್ಲಿದೆ ಅಂತ ನಿಮ್ಮನ್ನೇ ಕೇಳ್ತಾರೆ, ಹತ್ತನೇ ಸಲ ನೀವು ಬರೋದು ತಡ ಆದ್ರೆ ಫೋನ್ ಬರತ್ತೆ.