ರೋಟರಿ ಎಂಜಿನ್ ಮತ್ತೆ ಬಿಚ್ಚಬೇಕಾ?

ಪ್ರಶ್ನೆ: ಚಿಕ್ಕಪ್ಪ ಇಂಗ್ಲೆಂಡಿನಿಂದ ವಾಪಸ್ ಬರುವಾಗ ತಂದ ಮಜ್ದಾ ಆರ್‌ಎಕ್ಸ್-8 ನಮ್ಮ ಮನೆಯಲ್ಲಿದೆ. ಎಂಜಿನ್ ಪೂರ್ತಿ ಬಿಚ್ಚಿಸಿ ಹೊಸ ಸೀಲ್ ಹಾಕಿಸಿದೆವು. ಆದರೂ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಗೇಜ್ ಹಾಕಿದರೆ ಎರಡೂ ರೋಟರ್‌ಗೆ (ಪಿಸ್ಟನ್ ಬದಲು ಒಳಗೆ ತಿರುಗುವ ಭಾಗ) ಚದರ ಸೆಂ.ಮೀ.ಗೆ 6.3 ಕೆ.ಜಿ. ಕಂಪ್ರೆಷನ್, ಅಂದರೆ ಒಳಗೆ ಅದುಮಿದ ಗಾಳಿಯ ಒತ್ತಡ, ಬಂತು. ಮ್ಯಾನುಯಲ್ ಪ್ರಕಾರ ಕನಿಷ್ಠ 6.9 ಬೇಕು. ಮತ್ತೆ ಬಿಚ್ಚೋಣ ಅನ್ನುತ್ತಾರೆ ಗ್ಯಾರೇಜಿನವರು. ಏನು ಮಾಡಲಿ ಸಾರ್?
– ಓದುಗರು, ಜಯನಗರ

ಉತ್ತರ: ಸದ್ಯಕ್ಕೆ ಸ್ಪ್ಯಾನರ್ ಮುಟ್ಟಲು ಬಿಡಬೇಡಿ. ಮಜ್ದಾ ಅಂದರೆ ನಮ್ಮಲ್ಲಿ ಸ್ವರಾಜ್ ಮಜ್ದಾ ಬಸ್ಸೇ ನೆನಪಾಗೋದು. ರೋಟರಿ ಬಿಚ್ಚಿದ ಕೈಗಳು ಇಲ್ಲಿ ಕಮ್ಮಿ. ಹಾಗಾಗಿ ಗ್ಯಾರೇಜಿನವರ ಮೇಲೆ ಸಿಟ್ಟು ಬೇಡ, ಆದರೆ ಅವರ 6.3 ಅನ್ನೂ ಪೂರ್ತಿ ನಂಬಬೇಡಿ.

ಮೊದಲು ಊರಿನ ಲೆಕ್ಕ. 6.9 ಅನ್ನೋದು ಮಂಗಳೂರಿನಂಥ ಸಮುದ್ರ ಮಟ್ಟದ ಊರಿಗೆ ಸರಿ. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡವೇ ಶೇ 10ರಷ್ಟು ಕಮ್ಮಿ, ಗೇಜ್ ಕೂಡ ಅಷ್ಟೇ ಕಮ್ಮಿ ತೋರಿಸುತ್ತದೆ. ನಿಮ್ಮ 6.3 ಅಲ್ಲಿ ಹೆಚ್ಚುಕಮ್ಮಿ 7 ಆಗುತ್ತಿತ್ತು. ಜೊತೆಗೆ ಮ್ಯಾನುಯಲ್‌ನ 6.9 ಅನ್ನೋದು ಸ್ಟಾರ್ಟರ್ ಎಂಜಿನ್ನನ್ನು 250 ಆರ್‌ಪಿಎಂನಲ್ಲಿ ತಿರುಗಿಸಿದಾಗಿನದು. ಬ್ಯಾಟರಿ ಸೋತಿದ್ದರೆ ರೀಡಿಂಗ್ ಇನ್ನೂ ಇಳಿಯುತ್ತದೆ.

ಖುಷಿಪಡಬೇಡಿ, ಇನ್ನೊಂದು ಕಥೆ ಇದೆ. ರೋಟರ್ ಸಮೋಸದ ಹಾಗೆ, ಮೂರು ಮೂಲೆ, ಮೂರು ಮುಖ. ಮಾಮೂಲಿ ಗೇಜ್ ಮೂರರಲ್ಲಿ ಚೆನ್ನಾಗಿರುವ ಮುಖದ ಒತ್ತಡವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಉಳಿದೆರಡು 4 ಇದ್ದರೂ ನಿಮಗೆ ಕಾಣೋದು 6.3 ಮಾತ್ರ! ಮೂರೂ ಮುಖವನ್ನು ಬೇರೆ ಬೇರೆ ಅಳೆಯುವ ರೋಟರಿ ಟೆಸ್ಟರ್ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಎಂಜಿನ್ ಬಿಸಿ ಮಾಡಿ, ಪೆಟ್ರೋಲ್ ಮತ್ತು ಪ್ಲಗ್‌ಗೆ ಹೋಗುವ ಕರೆಂಟ್ ಎರಡನ್ನೂ ಕಟ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿಸಿ, ಅಂದರೆ ಸ್ಟಾರ್ಟರ್‌ನಿಂದ ತಿರುಗಿಸಿ. ಗೇಜಿನ ಗಾಳಿ ಬಿಡುವ ಬಟನ್ ಒತ್ತೇ ಇರಲಿ. ಆಗ ಮುಳ್ಳು ಸೆಕೆಂಡಿಗೆ ಸುಮಾರು ನಾಲ್ಕು ಸಲ ಕುಣಿಯುತ್ತದೆ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಹೀಗೆ ಬರುವ ಅಂಕಿ ಮುಖ್ಯ ಅಲ್ಲ, ಮೂರೂ ಕುಣಿತ ಸಮ ಇದೆಯಾ ನೋಡಿ.

ಅಕ್ಕಪಕ್ಕದ ಎರಡು ಕುಣಿತ ಕುಳ್ಳಗಿದ್ದರೆ ಅವೆರಡು ಮುಖಗಳ ನಡುವಿನ ಮೂಲೆಯ ಸೀಲ್, ಅಂದರೆ ಅಪೆಕ್ಸ್ ಸೀಲ್ ಮೇಲೆ ಅನುಮಾನ. ಅದರ ಸ್ಪ್ರಿಂಗ್ ಜಾರಿರಬಹುದು. ಒಂದೇ ಕುಳ್ಳಗಿದ್ದರೆ ರೋಟರ್ ಪಕ್ಕದಲ್ಲಿರುವ ಸೈಡ್ ಸೀಲ್ ಮೇಲೆ. ಇವೆರಡರಲ್ಲಿ ಯಾವುದಾದರೂ ಸರಿ, ಬಿಚ್ಚಲೇಬೇಕು, ವಿಧಿಯಿಲ್ಲ.

ಮೂರೂ ಸಮ ಇದ್ದರೆ ಗಾಡಿ ಓಡಿಸಿ. ಹೊಸ ಸೀಲ್ ಹೌಸಿಂಗಿಗೆ (ರೋಟರ್ ತಿರುಗುವ ಕವಚ) ಹೊಂದಿಕೊಳ್ಳಲು ಸಮಯ ಬೇಕು. ನೈಸ್ ರಸ್ತೆ ಖಾಲಿ ಸಿಕ್ಕಿತೆಂದು ಕಾಲು ಒತ್ತಬೇಡಿ. ಸದ್ಯ 4,000 ಆರ್‌ಪಿಎಂ ಒಳಗೇ ಇರಲಿ. ಸಾವಿರದೈನೂರು ಕಿ.ಮೀ. ಆದ ಮೇಲೆ ಮತ್ತೆ ಅಳೆಯಿರಿ. ಸುಮ್ನೆ ಕ್ರ್ಯಾಂಕ್ ಮಾಡುತ್ತಾ ಎಂಜಿನ್ ಒಳಗೆ ಪೆಟ್ರೋಲ್ ತುಂಬಿಸಬೇಡಿ. ಅದು ಒಳಗಿನ ಎಣ್ಣೆ ತೊಳೆದು ಕಂಪ್ರೆಷನ್ ಇನ್ನೂ ಬೀಳಿಸುತ್ತದೆ.

ಗ್ಯಾರೇಜಿನವರಿಗೆ ಒಂದು ಪ್ರಶ್ನೆ ಕೇಳಲೇಬೇಕು: ಹಳೆಯ ಹೌಸಿಂಗನ್ನೇ ಹಾಕಿದಿರಾ? ಒಳಗಿನ ಕ್ರೋಮ್ ಲೇಪ ಕಿತ್ತು ಎದ್ದಿತ್ತಾ? ಎದ್ದಿದ್ದರೆ ಎಷ್ಟು ಓಡಿಸಿದರೂ ಕಂಪ್ರೆಷನ್ ಏರಲ್ಲ. ಹೌಸಿಂಗ್‌ಗೆ ದುಡ್ಡು ಹೊಂದಿಸಿಕೊಂಡ ಮೇಲೇ ಬಿಚ್ಚಿಸಿ.