ಕನ್ನಡದ ಕಂಪನಿ ನಾಟಕಗಳಿಗೆ ಹಂಗಾಮು ಎಂಬುದಿದೆಯೇ?

ನೀವು ಎರಡು ವಿಷಯ ಕೇಳಿದ್ದೀರಿ. ಹೊರದೇಶಗಳ ಸಂಗೀತ ನಾಟಕ ತಂಡಗಳು ವರ್ಷದ ಪ್ರದರ್ಶನಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುವಂತೆ ಊರೂರು ತಿರುಗಿ ಟಿಕೆಟ್ಟಿನ ಮೇಲೆ ಆಟವಾಡುವ ನಮ್ಮ ವೃತ್ತಿ ನಾಟಕ ಕಂಪನಿಗಳಿಗೂ ಗೊತ್ತಾದ ಹಂಗಾಮು ಇದೆಯೇ ಎಂಬುದು ಮೊದಲನೆಯದು. ಆ ತಂಡಗಳು ಶಾಲೆಗಳಿಗೂ ಊರುಗಳಿಗೂ ಹೋಗಿ ಹಾಡು, ಅಭಿನಯ ಕಲಿಸುವಂತಹ ಕೆಲಸವನ್ನು ನಮ್ಮವರು ಮಾಡಿದ್ದಾರೆಯೇ ಎಂಬುದು ಎರಡನೆಯದು. ಗದಗ-ಬಾದಾಮಿ ಸೀಮೆಯಲ್ಲಿ ಬೆಳೆದು, ಚಿಕ್ಕಂದಿನಿಂದ ಕಂಪನಿ ನಾಟಕಗಳನ್ನು ನೋಡುತ್ತ ಬಂದವನಾಗಿ ಹೇಳುವುದಾದರೆ, ಎರಡಕ್ಕೂ ಉತ್ತರ ಹೌದು. ಆದರೆ ನಮ್ಮಲ್ಲಿ ಹಂಗಾಮನ್ನು ಗೊತ್ತುಮಾಡುವವರು ಕಂಪನಿಯ ಮಾಲೀಕರಲ್ಲ. ಊರಿನ ಜಾತ್ರೆಯೂ ಒಕ್ಕಲುತನದ ಸುಗ್ಗಿಯೂ ಅದನ್ನು ನಿರ್ಧರಿಸುತ್ತವೆ.

ಮಳೆಗಾಲದಲ್ಲಿ ಬಯಲಿನಲ್ಲಿ ತಗಡಿನ ಥೇಟರು ಹಾಕುವುದು ಕಷ್ಟ, ಮೇಲಾಗಿ ಬಿತ್ತನೆ ಮತ್ತು ಕಳೆಯ ದಿನಗಳಲ್ಲಿ ಹಳ್ಳಿಯ ಜನರಿಗೆ ರಾತ್ರಿಯೆಲ್ಲ ಕೂತು ನಾಟಕ ನೋಡುವಷ್ಟು ಬಿಡುವೂ ಇರುವುದಿಲ್ಲ, ಕೈಯಲ್ಲಿ ಹಣವೂ ಇರುವುದಿಲ್ಲ. ಕಾಳುಕಡಿ ಮನೆಗೆ ಬಂದ ಮೇಲೆ ಜಾತ್ರೆಗಳು ಶುರುವಾಗುತ್ತವೆ, ಕಂಪನಿಗಳ ನಿಜವಾದ ದುಡಿಮೆಯೂ ಆಗಲೇ ಶುರುವಾಗುತ್ತದೆ. ಇವುಗಳಲ್ಲಿ ಮುಖ್ಯವಾದುದು ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿರುವ ಬನಶಂಕರಿಯ ಜಾತ್ರೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ, ಅಂದರೆ ಹೆಚ್ಚುಕಡಿಮೆ ಜನವರಿಯಲ್ಲಿ ತೇರು ಸಾಗುತ್ತದೆ. ಆಮೇಲೂ ವಾರಗಟ್ಟಲೆ ಜಾತ್ರೆ ನಿಲ್ಲುತ್ತದೆ. ಹಲವು ಕಂಪನಿಗಳು ಒಂದರ ಮಗ್ಗುಲಲ್ಲಿ ಒಂದರಂತೆ ಅಲ್ಲಿ ಥೇಟರು ಹಾಕಿ, ಒಂದೇ ರಾತ್ರಿ ಒಂದಕ್ಕಿಂತ ಹೆಚ್ಚು ಆಟ ಆಡುತ್ತವೆ. ಇಲ್ಲಿ ಕಲೆಕ್ಷನ್ ಚೆನ್ನಾಗಿ ಆದರೆ ವರ್ಷದ ಉಳಿದ ಕ್ಯಾಂಪುಗಳ, ಅಂದರೆ ಬೇರೆ ಊರುಗಳಲ್ಲಿ ಹೂಡಿದ ಬಿಡಾರಗಳ, ನಷ್ಟವನ್ನು ತಡೆದುಕೊಳ್ಳಬಹುದು ಎಂಬುದು ಕಂಪನಿಯವರ ಲೆಕ್ಕ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೂ ಕಂಪನಿಗಳು ಬರುತ್ತವೆ. ಜಾತ್ರೆಗಳ ನಡುವಿನ ಕಾಲದಲ್ಲಿ ದೊಡ್ಡ ಊರೊಂದರಲ್ಲಿ ಮೊಕ್ಕಾಂ ಹೂಡಿ, ಜನ ಬರುವಷ್ಟು ದಿನ ಒಂದೇ ನಾಟಕ ಆಡುವುದು, ಜನ ಕಡಿಮೆಯಾದಾಗ ನಾಟಕ ಬದಲಿಸುವುದು, ಅದೂ ನಡೆಯದಿದ್ದರೆ ಥೇಟರು ಕಿತ್ತು ಮುಂದಿನ ಊರಿಗೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ.

ಇವುಗಳನ್ನು ಸಂಗೀತ ನಾಟಕ ಎಂದು ಕರೆಯಲು ಪೂರ್ಣ ಆಧಾರವಿದೆ. ಹಳೆಯ ಕಂಪನಿಗಳಲ್ಲಿ ಹಾಡಲು ಬಾರದವನಿಗೆ ನಾಯಕನ ಪಾತ್ರ ಸಿಗುವುದು ದುರ್ಲಭವಾಗಿತ್ತು. ರಂಗದ ಮುಂದೆ ಲೆಗ್ ಹಾರ್ಮೋನಿಯಂ, ಅಂದರೆ ಕಾಲಿನಿಂದ ಗಾಳಿ ಹಾಕುವ ಹಾರ್ಮೋನಿಯಂ, ಇಟ್ಟುಕೊಂಡು ಕೂತ ಮಾಸ್ತರರು ಇಡೀ ಆಟದ ಓಟವನ್ನು ಹಿಡಿದಿರುತ್ತಿದ್ದರು. ಮೈಸೂರು ಭಾಗದ ಕಂಪನಿಗಳಲ್ಲಿ ಕರ್ನಾಟಕ ಸಂಗೀತದ ಮಟ್ಟುಗಳು (ಹಾಡಿನ ಧಾಟಿಗಳು) ಹೆಚ್ಚು, ನಮ್ಮ ಉತ್ತರದ ಕಂಪನಿಗಳಲ್ಲಿ ಮರಾಠಿ ನಾಟ್ಯಸಂಗೀತದ ಒಡನಾಟದಿಂದ ಹಿಂದೂಸ್ತಾನಿ ರಾಗಗಳು ಹೆಚ್ಚು. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ ನಾಡಿನ ಅತಿ ದೊಡ್ಡ ಕಂಪನಿಯಾಗಿ ಬೆಳೆದು, 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. 1958ರಲ್ಲಿ ಆರ್. ನಾಗರತ್ನಮ್ಮನವರು ಮಹಿಳೆಯರೇ ಎಲ್ಲ ಪಾತ್ರ ವಹಿಸುವ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದರು.

ಕಲಿಸುವ ಕೆಲಸದ ಬಗ್ಗೆ ಹೇಳುವಾಗ ನಾನು ಮೊದಲು ನೆನೆಯುವುದು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು. ಹುಟ್ಟಿನಿಂದಲೇ ಕಣ್ಣಿಲ್ಲದಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಅಂಧ ಮತ್ತು ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತಲೇ ಪಾಠ ಹೇಳಿದರು. ಅಷ್ಟು ಮಕ್ಕಳ ಅನ್ನ, ಬಟ್ಟೆ, ಪಾಠಕ್ಕೆ ಭಕ್ತರ ಕಾಣಿಕೆಯೊಂದೇ ಸಾಲದಾದಾಗ ನಾಟಕ ಕಂಪನಿಯೂ ಆಸರೆಯಾಯಿತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ತಾವೂ ದೃಷ್ಟಿಹೀನರಾಗಿದ್ದು, ಕಂಪನಿಗಾಗಿ ನಾಟಕ ಬರೆದರು, ಹಾಡುಗಳಿಗೆ ರಾಗ ಹಾಕಿದರು, ನಟರಿಗೆ ಹಾಡು ಕಲಿಸಿದರು. ನಾಟಕದಿಂದ ಬಂದ ಹಣ ಸಂಗೀತ ಶಾಲೆಯನ್ನು ಸಾಕಿತು. ಶಾಲೆಯಲ್ಲಿ ತಯಾರಾದ ಹುಡುಗರು ನಾಟಕಕ್ಕೆ ಹಾರ್ಮೋನಿಯಂ, ತಬಲಾ ನುಡಿಸಿದರು. ಟಿಕೆಟ್ ಕೊಂಡು ನಾಟಕ ನೋಡಿದ ರೈತನೊಬ್ಬ ತನಗರಿವಿಲ್ಲದೆಯೇ ಒಬ್ಬ ಅಂಧ ಬಾಲಕನ ವಿದ್ಯೆಗೆ ನೆರವಾಗುತ್ತಿದ್ದ ಈ ಏರ್ಪಾಟಿಗಿಂತ ಉತ್ತಮವಾದ ಲೋಕಶಿಕ್ಷಣದ ಮಾದರಿಯನ್ನು ನಾನು ಕಂಡಿಲ್ಲ. ಇಂದು ದೇಶವೆಲ್ಲ ಗೌರವಿಸುವ ಹಿಂದೂಸ್ತಾನಿ ಗಾಯಕ ವೆಂಕಟೇಶ ಕುಮಾರರು ಬಾಲಕನಾಗಿ ಸೇರಿ ಕಲಿತದ್ದು ಇದೇ ಆಶ್ರಮದಲ್ಲಿ.

ಕಂಪನಿಗಳೇ ಪಾಠಶಾಲೆಗಳಾಗಿದ್ದವು ಎನ್ನುವುದಕ್ಕೆ ಬೇರೆ ಸಾಕ್ಷಿಗಳೂ ಉಂಟು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿ ಹಾಡುತ್ತಿದ್ದಾಗಲೇ ಸಂಗೀತಗಾರರಾದ ಅಪ್ಪಯ್ಯಸ್ವಾಮಿಗಳ ಗಮನಕ್ಕೆ ಬಂದು ಶಾಸ್ತ್ರೀಯ ಸಂಗೀತದ ದಾರಿ ಹಿಡಿದರು. ಗುಬ್ಬಿ ಕಂಪನಿಯನ್ನು ಹುಡುಗನಾಗಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಓದಲೆಂದು ಕಾಶಿಗೆ ಕಳುಹಿಸಿದರು. ಆ ಕಾರಂತರೇ ಮುಂದೆ ಕನ್ನಡದ ರಂಗಸಂಗೀತಕ್ಕೆ ಹೊಸ ರೂಪ ಕೊಟ್ಟು, 1989ರಲ್ಲಿ ಆರಂಭವಾದ ಸರ್ಕಾರಿ ರಂಗಸಂಸ್ಥೆ, ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದರು. ರಂಗಾಯಣವು ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ನಡೆಸುವ ಚಿಣ್ಣರ ಮೇಳ ನೀವು ಕೇಳಿದ ರೀತಿಯ ಕಾರ್ಯಕ್ರಮಕ್ಕೆ ಬಹಳ ಹತ್ತಿರವಾದುದು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಿಂದ ನಡೆಸುತ್ತಿರುವ ತಿರುಗಾಟವೂ ಹಾಗೆಯೇ. ಅದು ಕಂಪನಿಯಲ್ಲ, ಆದರೆ ಮಳೆಗಾಲ ಕಳೆದ ಮೇಲೆ ಹೊರಟು ಊರೂರಿಗೆ ಒಳ್ಳೆಯ ನಾಟಕಗಳನ್ನು ಒಯ್ಯುವ ಅದರ ಕ್ರಮ ನಿಮ್ಮ ‘ಸೀಸನ್’ ಕಲ್ಪನೆಗೆ ಸರಿಯಾಗಿ ಒಪ್ಪುತ್ತದೆ.

ಈಗಿನ ಸ್ಥಿತಿಯನ್ನೂ ಮುಚ್ಚಿಡದೆ ಹೇಳಬೇಕು. ಇಂದಿನ ಅನೇಕ ಕಂಪನಿ ನಾಟಕಗಳಲ್ಲಿ ನಟರು ಹಾಡುವುದು ಕಡಿಮೆಯಾಗಿದೆ. ಸಿನಿಮಾ ಹಾಡಿನ ಧ್ವನಿಮುದ್ರಿಕೆಗೆ ಕುಣಿತ, ದ್ವಂದ್ವಾರ್ಥದ ಹಾಸ್ಯ ಹೆಚ್ಚಾಗಿವೆ. ಜನರ ಅಭಿರುಚಿ ಕೆಟ್ಟಿದೆ ಎಂದು ಇದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಾಡುವ ನಟನನ್ನು ತಯಾರುಮಾಡಲು ವರ್ಷಗಳು ಬೇಕು, ಅಷ್ಟು ವರ್ಷ ಅವನನ್ನು ಸಾಕುವ ಶಕ್ತಿ ಕಂಪನಿಗಳಿಗೆ ಉಳಿದಿಲ್ಲ. ಸರ್ಕಾರವು ದಾವಣಗೆರೆಯಲ್ಲಿ ವೃತ್ತಿ ರಂಗಭೂಮಿಗೆಂದೇ ರಂಗಾಯಣವನ್ನು ಸ್ಥಾಪಿಸಿರುವುದು ಒಳ್ಳೆಯ ಹೆಜ್ಜೆ; ಉತ್ಸವ, ಸನ್ಮಾನಗಳಿಗಿಂತ ಮೊದಲು ಅಲ್ಲಿ ಹಳೆಯ ಹಾರ್ಮೋನಿಯಂ ಮಾಸ್ತರರನ್ನು ಕೂಡಿಸಿ, ಅವರಲ್ಲಿ ಉಳಿದಿರುವ ಮಟ್ಟುಗಳನ್ನು ಹುಡುಗ ಹುಡುಗಿಯರಿಗೆ ಕಲಿಸಬೇಕು ಎಂಬುದು ನನ್ನ ಆಗ್ರಹ.

ನೀವು ಸ್ವತಃ ನೋಡಬೇಕೆಂದಿದ್ದರೆ ಬನದ ಹುಣ್ಣಿಮೆಯ ದಿನ ಬೇಡ, ಅಂದು ತೇರಿನ ಗದ್ದಲ ವಿಪರೀತ. ಅದಾದ ಮೂರು ನಾಲ್ಕು ದಿನಗಳ ಮೇಲೆ ಬನಶಂಕರಿಗೆ ಬನ್ನಿ. ಟಿಕೆಟ್ಟುಗಳು ಥೇಟರಿನ ಬಾಗಿಲಲ್ಲೇ ಸಿಗುತ್ತವೆ. ಕೊಳ್ಳುವ ಮೊದಲು ಹಾರ್ಮೋನಿಯಂ ಮತ್ತು ತಬಲಾ ನುಡಿಸುವವರು ಇದ್ದಾರೆಯೇ ಎಂದು ಕೇಳಿ, ಇರುವ ಕಂಪನಿಯನ್ನೇ ಆರಿಸಿಕೊಂಡು, ಅವರು ಕಾಣುವಂತೆ ಮುಂದಿನ ಸಾಲಿನಲ್ಲಿ ಕೂಡ್ರಿ.